ಮೊಬೈಲ್‌ನ ಹಾಡನ್ನು ಬ್ಲೂಟೂತ್ ಮೂಲಕ ಕಂಪ್ಯೂಟರ್ ಸ್ಪೀಕರ್‌ನಲ್ಲಿ ಕೇಳುವುದು ಹೇಗೆ?

ಪ್ರಶ್ನೆ (ಮುಧೋಳ, ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಭಜನಾ ಮೇಳದವರು ಹಾಡಿದ ತತ್ವಪದಗಳು ನನ್ನ ಮೊಬೈಲ್‌ನಲ್ಲಿವೆ. ನಮ್ಮ ತಂದೆಯವರಿಗೆ ಕಿವಿ ಸ್ವಲ್ಪ ಮಂದ. ಮೊಬೈಲ್‌ನಲ್ಲಿ ಹಚ್ಚಿದರೆ ತಾಳದ ಸಪ್ಪಳವೇ ಮುಂದಾಗಿ ಪದದ ಮಾತುಗಳು ಅವರಿಗೆ ತಿಳಿಯುವುದಿಲ್ಲವಾದ್ದರಿಂದ, ಕಂಪ್ಯೂಟರಿಗೆ ಜೋಡಿಸಿರುವ ದೊಡ್ಡ ಸ್ಪೀಕರ್‌ಗಳಲ್ಲಿ ಕೇಳಿಸಬೇಕೆಂದಿದ್ದೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ, ಬ್ಲೂಟೂತ್‌ಗಾಗಿ ಯುಎಸ್‌ಬಿ ಡಾಂಗಲ್ ಹಾಕಿದ್ದೇನೆ. ಎರಡೂ ಪೇರ್ ಆಗಿದ್ದರೂ ಧ್ವನಿ ಮಾತ್ರ ಮೊಬೈಲ್‌ನಿಂದಲೇ ಬರುತ್ತದೆ. ಮೇಳದವರು ವಾಟ್ಸಾಪ್‌ನಲ್ಲಿ ಮೇಲಿಂದ ಮೇಲೆ ಹೊಸ ಪದಗಳನ್ನು ಕಳುಹಿಸುತ್ತಿರುವುದರಿಂದ ಪ್ರತಿಯೊಂದನ್ನೂ ಕಂಪ್ಯೂಟರಿಗೆ ನಕಲು ಮಾಡುತ್ತ ಕೂಡುವುದು ಕಷ್ಟ. ಡಾಂಗಲ್ ಕೆಟ್ಟಿರಬಹುದೇ?

ಉತ್ತರ (ವಿಜಯಪುರ)

ಡಾಂಗಲ್ ಸರಿಯಾಗಿಯೇ ಇದೆ ಸರ್, ಕೆಟ್ಟಿದ್ದರೆ ಪೇರ್ ಕೂಡ ಆಗುತ್ತಿರಲಿಲ್ಲ. ಪೇರ್ ಆಗುವುದೆಂದರೆ ಎರಡು ಸಾಧನಗಳು ಪರಸ್ಪರ ಗುರುತು ಹಿಡಿದವು ಎಂದಷ್ಟೇ; ಹಾಡು ಸಾಗಬೇಕಾದರೆ ಒಂದು ಕಳಿಸುವ ಪಾತ್ರವನ್ನೂ ಇನ್ನೊಂದು ಸ್ವೀಕರಿಸುವ ಪಾತ್ರವನ್ನೂ ವಹಿಸಬೇಕು. ಬ್ಲೂಟೂತ್‌ನಲ್ಲಿ ಈ ವ್ಯವಸ್ಥೆಗೆ ಎ2ಡಿಪಿ ಎನ್ನುತ್ತಾರೆ. ಹೆಡ್‌ಫೋನಿಗೆ ಹಾಡು ಕಳಿಸುವುದೇ ಕಂಪ್ಯೂಟರಿನ ರೂಢಿಯ ಕೆಲಸವಾದ್ದರಿಂದ, ತಾನೇ ಸ್ಪೀಕರ್ ಆಗಿ ಸ್ವೀಕರಿಸಬೇಕೆಂದು ಅದಕ್ಕೆ ಬೇರೆಯಾಗಿ ಹೇಳಬೇಕಾಗುತ್ತದೆ. ವಿಂಡೋಸ್ 7ರಲ್ಲಿ ಇದ್ದ ಈ ಸೌಲಭ್ಯ ವಿಂಡೋಸ್ 8ರಲ್ಲಿ ಇಲ್ಲವಾಗಿ, 2020ರಲ್ಲಿ ಬಂದ ವಿಂಡೋಸ್ 10ರ 2004 ಎಂಬ ಆವೃತ್ತಿಯಲ್ಲಿ ಮರಳಿತು. ಆದರೆ ಅದನ್ನು ಚಾಲೂ ಮಾಡುವ ಗುಂಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಇಟ್ಟಿಲ್ಲ, ಬಹಳ ಜನ ಎಡವುವುದು ಇಲ್ಲಿಯೇ.

ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ‘ಬ್ಲೂಟೂತ್ ಆಡಿಯೋ ರಿಸೀವರ್’ ಎಂಬ ಸಣ್ಣ ಆ್ಯಪ್ ಸಿಗುತ್ತದೆ. ಅದನ್ನು ತೆರೆದು, ಪಟ್ಟಿಯಲ್ಲಿ ತಮ್ಮ ಮೊಬೈಲ್‌ನ ಹೆಸರನ್ನು ಆರಿಸಿ, ‘ಓಪನ್ ಕನೆಕ್ಷನ್’ ಒತ್ತಿರಿ. ಹಾಡು ಮುಗಿಯುವವರೆಗೆ ಆ್ಯಪ್ ಮುಚ್ಚಬೇಡಿ. ಆಗಲೂ ಧ್ವನಿ ಬರದಿದ್ದರೆ, ಮೊಬೈಲ್‌ನ ಬ್ಲೂಟೂತ್ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರಿನ ಪಕ್ಕದ ಗುರುತನ್ನು ಒತ್ತಿ ‘ಮೀಡಿಯಾ ಆಡಿಯೋ’ ಚಾಲೂ ಇದೆಯೇ ಎಂದು ನೋಡಿರಿ.

ಪ್ರಶ್ನೆ ಕೇಳಿದವರು

ಧ್ವನಿ ಬಂದಿತು, ತುಂಬಾ ಉಪಕಾರವಾಯಿತು. ಆದರೆ ನಡುನಡುವೆ ಕಡಿದು ಕಡಿದು ಬರುತ್ತದೆ. ಸಿಪಿಯು ಮೇಜಿನ ಕೆಳಗಿದ್ದು, ಡಾಂಗಲ್ ಅದರ ಹಿಂಬದಿಯ ನೀಲಿ ಪೋರ್ಟ್‌ನಲ್ಲಿದೆ.

ಉತ್ತರ (ಬೆಳಗಾವಿ)

ತೊಂದರೆ ಆ ಜಾಗದ್ದೇ. ನೀಲಿ ಬಣ್ಣದ್ದು ಸಾಮಾನ್ಯವಾಗಿ ಯುಎಸ್‌ಬಿ 3 ಪೋರ್ಟ್ ಆಗಿರುತ್ತದೆ. ಪಕ್ಕದ ಪೋರ್ಟ್‌ನಲ್ಲಿ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್ ಕೆಲಸ ಮಾಡುತ್ತಿದ್ದರೆ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅದರಿಂದ ಅಡಚಣೆಯಾಗುತ್ತದೆ. ಮೇಲಾಗಿ ಸಿಪಿಯುವಿನ ತಗಡಿನ ಪೆಟ್ಟಿಗೆ ಮೊಬೈಲ್‌ಗೂ ಡಾಂಗಲ್‌ಗೂ ನಡುವೆ ಅಡ್ಡ ನಿಂತಿದೆ. ಮೊದಲು ಡಾಂಗಲನ್ನು ಮುಂಬದಿಯ ಕಪ್ಪು ಪೋರ್ಟ್‌ಗೆ ಹಾಕಿ ನೋಡಿರಿ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು ಮೇಜಿನ ಮೇಲೆಯೇ ಇಟ್ಟರೆ ಇನ್ನೂ ಉತ್ತಮ. ಮನೆಯ ವೈಫೈ ಕೂಡ 2.4ರಲ್ಲಿಯೇ ಇದ್ದು, ರೌಟರಿನಲ್ಲಿ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಕಂಪ್ಯೂಟರನ್ನೂ ಮೊಬೈಲನ್ನೂ ಅದಕ್ಕೆ ಬದಲಿಸಿರಿ.

ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ತಲುಪುತ್ತದೆ. ಬರೀ ಪದ ಕೇಳುವವರಿಗೆ ಅದರಿಂದ ಬಾಧೆಯಿಲ್ಲ, ವಿಡಿಯೋ ನೋಡುವಾಗ ಮಾತ್ರ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು.

ಇನ್ನೊಂದು ಮಾತನ್ನು ತಂದೆಯವರ ಅನುಕೂಲಕ್ಕಾಗಿಯೇ ಹೇಳುತ್ತೇನೆ. ತಾವು ಮನೆಯಲ್ಲಿ ಇಲ್ಲದಾಗ ಅವರು ಕಂಪ್ಯೂಟರ್ ಹಚ್ಚಿ, ಆ್ಯಪ್ ತೆರೆದು, ಗುಂಡಿ ಹುಡುಕುವುದು ಕಷ್ಟವಾಗಬಹುದು. ಸಾಮಾನ್ಯವಾಗಿ ಸ್ಪೀಕರಿನ ವೈರ್ ಕಂಪ್ಯೂಟರಿನ ಹಸಿರು ತೂತಿಗೆ ಹೋಗಿರುತ್ತದೆ, ಆ 3.5 ಎಂಎಂ ಪಿನ್ನನ್ನು ಕಿತ್ತು ನೇರವಾಗಿ ಮೊಬೈಲ್‌ನ ಹೆಡ್‌ಫೋನ್ ತೂತಿಗೆ ಹಾಕಿದರೆ, ಸ್ಪೀಕರಿಗೆ ಕರೆಂಟ್ ಕಂಪ್ಯೂಟರಿನಿಂದ ಬರುತ್ತಿಲ್ಲವಾದರೆ, ಕಂಪ್ಯೂಟರ್ ಬಂದ್ ಇದ್ದರೂ ಸ್ಪೀಕರ್ ಹಾಡುತ್ತದೆ. ಮೊಬೈಲ್‌ನಲ್ಲಿ ಆ ತೂತು ಇಲ್ಲದಿದ್ದರೆ, ಅದರ ಚಾರ್ಜಿಂಗ್ ಪೋರ್ಟ್‌ಗೆ ಹೊಂದುವ ಆಡಿಯೋ ಕನೆಕ್ಟರ್ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಮೊಬೈಲನ್ನು ಜೊತೆಗೆ ಒಯ್ದು, ಅಲ್ಲಿಯೇ ಒಂದು ಪದ ಹಚ್ಚಿ ಪರೀಕ್ಷಿಸಿಕೊಳ್ಳಿರಿ, ಏಕೆಂದರೆ ಎಲ್ಲ ಕನೆಕ್ಟರ್‌ಗಳೂ ಎಲ್ಲ ಮೊಬೈಲ್‌ಗಳಿಗೆ ಹೊಂದುವುದಿಲ್ಲ.