ಮೇಜಿನ ಕೆಳಗಿರುವ ಕಂಪ್ಯೂಟರಿನ ವೈಫೈ ಕಾರ್ಡಿಗೆ ಸಂಕೇತ ಏಕಿಷ್ಟು ದುರ್ಬಲ?

ಮಹಡಿಕೋಣೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿವಮೊಗ್ಗದಲ್ಲಿದೆ. ಕೆಳಗೊಂದು ಮೇಲೊಂದು ಅಂತಸ್ತು, ನಡುವೆ ಆರ್‌ಸಿಸಿ ಚಾವಣಿ, ಗೋಡೆಗಳೆಲ್ಲ ಒಂಬತ್ತು ಇಂಚಿನ ಇಟ್ಟಿಗೆಯವು. ಫೈಬರ್ ಸಂಪರ್ಕದ ರೌಟರ್ ಕೆಳಗಿನ ಹಜಾರದಲ್ಲಿ ಟಿವಿಯ ಪಕ್ಕದಲ್ಲಿದ್ದು, ನಾನು ಕೆಲಸ ಮಾಡುವ ಮೇಲಿನ ಕೋಣೆ ಅಲ್ಲಿಂದ ಓರೆಯಾಗಿ ಅಳೆದರೆ ಸುಮಾರು 9 ಮೀಟರ್ ದೂರವಾಗುತ್ತದೆ.

ಕಳೆದ ತಿಂಗಳವರೆಗೆ ನನ್ನ ಡೆಸ್ಕ್‌ಟಾಪಿನಲ್ಲಿ ಯುಎಸ್‌ಬಿಗೆ ಚುಚ್ಚುವ ಹಳೆಯ ಡಾಂಗಲ್ ಒಂದಿತ್ತು. ಅದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತಾದರೂ ವಿಂಡೋಸ್ ಸದಾ 60 ಶೇಕಡಾ ಸಂಕೇತವನ್ನು ತೋರಿಸುತ್ತಿತ್ತು. ಅಂಗಡಿಯವರ ಸಲಹೆಯಂತೆ ಅದನ್ನು ತೆಗೆದು, ಎರಡು ಆಂಟೆನಾಗಳಿರುವ, ವೈಫೈ 6 ಮತ್ತು ಬ್ಲೂಟೂತ್ ಎರಡೂ ಇರುವ, ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಹಾಕಿಸಿದೆ. ಈಗ 5 ಗಿಗಾಹರ್ಟ್ಸ್‌ನಲ್ಲಿ ತೋರುವುದು 38 ಶೇಕಡಾ ಮಾತ್ರ. 100 ಎಂಬಿಪಿಎಸ್ ಯೋಜನೆಗೆ ಹಣ ಕಟ್ಟುತ್ತಿದ್ದರೂ ಸಿಗುತ್ತಿರುವುದು 8ರಿಂದ 12. ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಸಂಗತಿ: ಅದೇ ಮೇಜಿನ ಮೇಲೆ ಮೊಬೈಲ್ ಇಟ್ಟು ಅಳೆದರೆ, ಅದೇ 5 ಗಿಗಾಹರ್ಟ್ಸ್ ಜಾಲಕ್ಕೆ, ಮೈನಸ್ 66 ಡಿಬಿಎಂ (ಸಂಕೇತದ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಬರುತ್ತದೆ. ಅಂಗೈಯಗಲದ ಮೊಬೈಲಿಗೆ ಸಿಗುವುದು ಎರಡು ಆಂಟೆನಾಗಳ ಕಾರ್ಡಿಗೆ ಏಕೆ ಸಿಗುತ್ತಿಲ್ಲ? ಕಾರ್ಡೇ ಕೆಟ್ಟದ್ದೆಂದು ತಿಳಿದು ಹಿಂದಿರುಗಿಸಬೇಕೆ? ಇದರ ಜೊತೆಗೆ ಬ್ಲೂಟೂತ್ ಹೆಡ್‌ಫೋನಿನ ಧ್ವನಿಯೂ ಆಗಾಗ ಕಡಿದುಹೋಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ತಿಳಿಯದು. ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ, ಬೆನ್ನನ್ನು ಗೋಡೆಗೆ ಮಾಡಿಕೊಂಡು ನಿಂತಿದೆ.

ತಂತಿಮೂಲೆ ಬರೆದದ್ದು:

ಕಾರ್ಡನ್ನು ಹಿಂದಿರುಗಿಸುವ ಮೊದಲು ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ, ಏಕೆಂದರೆ ಉತ್ತರದ ಬಹುಪಾಲು ಅಲ್ಲಿಯೇ ಇದೆ.

ಮೊದಲು ಎರಡು ಅಳತೆಗಳನ್ನು ಒಂದೇ ಮಾನಕ್ಕೆ ತಂದುಕೊಳ್ಳೋಣ. ವಿಂಡೋಸ್ ತೋರಿಸುವ ಶೇಕಡಾವಾರು ಲೆಕ್ಕದಲ್ಲಿ 0 ಎಂದರೆ ಮೈನಸ್ 100 ಡಿಬಿಎಂ, 100 ಎಂದರೆ ಮೈನಸ್ 50 ಡಿಬಿಎಂ, ನಡುವಿನದೆಲ್ಲ ಸರಳರೇಖೆಯಲ್ಲಿ ಏರುತ್ತದೆ. ಆದ್ದರಿಂದ ನಿಮ್ಮ 38 ಶೇಕಡಾ ಎಂದರೆ ಮೈನಸ್ 81 ಡಿಬಿಎಂ, ಹಳೆಯ ಡಾಂಗಲಿನ 60 ಶೇಕಡಾ ಎಂದರೆ ಮೈನಸ್ 70. ಮೊಬೈಲಿಗೂ ಕಾರ್ಡಿಗೂ ಇರುವ ವ್ಯತ್ಯಾಸ 15 ಡೆಸಿಬೆಲ್. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧವಾಗುವುದರಿಂದ, ಮೊಬೈಲಿಗೆ ತಲುಪುತ್ತಿರುವ ಶಕ್ತಿಯ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ ನಿಮ್ಮ ಕಾರ್ಡನ್ನು ತಲುಪುತ್ತಿದೆ ಎಂದಾಯಿತು. ಮೈನಸ್ 81 ಎಂದರೆ ಸುಮಾರು 8 ಪಿಕೊವ್ಯಾಟ್, ಮತ್ತು ಒಂದು ಪಿಕೊವ್ಯಾಟ್ ಎಂದರೆ ಒಂದು ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಭಾಗ. ಇಷ್ಟರಲ್ಲಿಯೂ ಸಂಪರ್ಕ ಉಳಿದಿದೆ ಎಂಬುದೇ ನಿಮ್ಮ ಕಾರ್ಡು ಕೆಟ್ಟದ್ದಲ್ಲ ಎನ್ನುವುದಕ್ಕೆ ಸಾಕ್ಷಿ ಎಂದು ನನಗನ್ನಿಸುತ್ತದೆ.

ಈಗ ಜಮಾಖರ್ಚು ಬರೆಯೋಣ. ಜಮಾ ಕಡೆ: ರೌಟರ್ 100 ಮಿಲಿವ್ಯಾಟ್, ಅಂದರೆ 20 ಡಿಬಿಎಂ, ಹೊರಹಾಕುತ್ತದೆ ಎಂದಿಟ್ಟುಕೊಳ್ಳಿ, ಎರಡೂ ಕಡೆಯ ಆಂಟೆನಾಗಳಿಂದ ಇನ್ನೊಂದು 4 ಸೇರಿಸಿ. ಖರ್ಚಿನ ಕಡೆ: 9 ಮೀಟರ್ ಬಯಲನ್ನು ದಾಟಲು 5 ಗಿಗಾಹರ್ಟ್ಸ್‌ನಲ್ಲಿ ಸುಮಾರು 66 ಡೆಸಿಬೆಲ್ ಕಳೆಯುತ್ತದೆ. ಅಡ್ಡಿಯೇ ಇಲ್ಲದಿದ್ದರೆ ಮೈನಸ್ 42 ಬರಬೇಕಿತ್ತು. ಮೊಬೈಲಿಗೆ ಬಂದಿರುವುದು ಮೈನಸ್ 66, ಅಂದರೆ ಚಾವಣಿ ಮತ್ತು ಗೋಡೆಗಳು 24 ಡೆಸಿಬೆಲ್ ನುಂಗಿವೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿಗೂ ದಪ್ಪ ಇಟ್ಟಿಗೆಗೂ ಇದು ಅತಿಯಲ್ಲ. ಆದರೆ ಆಮೇಲಿನ 15 ಡೆಸಿಬೆಲ್‌ಗೆ ಮನೆ ಕಟ್ಟಿದವರು ಹೊಣೆಯಲ್ಲ. ಕಾರ್ಡಿನ ಆಂಟೆನಾಗಳು ಪೆಟ್ಟಿಗೆಯ ಹಿಂಬದಿಯಲ್ಲಿ, ಉಕ್ಕಿನ ತಗಡಿಗೆ ಒಂದೆರಡು ಸೆಂಟಿಮೀಟರ್ ಅಂತರದಲ್ಲಿ, ತಂತಿಗಳ ಗೊಂಚಲಿನ ನಡುವೆ ಗೋಡೆಗೆ ಮುಖಮಾಡಿವೆ. ರೌಟರ್ ಪೆಟ್ಟಿಗೆಯ ಆಚೆ ಬದಿಯಲ್ಲಿದ್ದರೆ ಇಡೀ ಕಂಪ್ಯೂಟರೇ ಅವುಗಳಿಗೆ ಮರೆಯಾಗಿ ನಿಂತಂತೆ. 5 ಗಿಗಾಹರ್ಟ್ಸ್‌ನ ತರಂಗದ ಉದ್ದ 6 ಸೆಂಟಿಮೀಟರಿಗಿಂತಲೂ ಕಡಿಮೆ, ಹೀಗಾಗಿ ಅಷ್ಟು ದೊಡ್ಡ ತಗಡನ್ನು ಸುತ್ತಿಕೊಂಡು ಹಿಂದೆ ಬರುವುದು ಅದಕ್ಕೆ ಕಷ್ಟ.

ಹಣ ಖರ್ಚು ಮಾಡುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಿ. ಪೆಟ್ಟಿಗೆಯನ್ನು ಹೊರಗೆಳೆದು, ಬೆನ್ನು ಕೋಣೆಯ ಕಡೆಗಿರುವಂತೆ ತಿರುಗಿಸಿ ಮತ್ತೆ ಅಳೆಯಿರಿ. ಸಾಧ್ಯವಾದರೆ ಒಮ್ಮೆ ಕಂಪ್ಯೂಟರನ್ನು ರೌಟರಿನಿಂದ 2 ಮೀಟರ್ ದೂರದಲ್ಲಿಟ್ಟು ನೋಡಿ. ಅಲ್ಲಿ ಮೈನಸ್ 30ರಿಂದ 45ರೊಳಗೆ ಬಂದರೆ ಕಾರ್ಡು ಸರಿಯಾಗಿದೆ. ಮೈನಸ್ 60ರ ಆಸುಪಾಸು ಬಂದರೆ ಆಂಟೆನಾ ಬಿಗಿಯಾಗಿಲ್ಲ, ಇಲ್ಲವೇ ಕಾರ್ಡಿನ ಒಳಗಿನ ಕಡ್ಡಿಯಂಥ ಸಣ್ಣ ತಂತಿಯ ಗುಂಡಿ ಕಳಚಿದೆ. ಹೀಗಿರುವ ಅನೇಕ ಕಾರ್ಡುಗಳಲ್ಲಿ ಲ್ಯಾಪ್‌ಟಾಪಿಗೆಂದು ಮಾಡಿದ ಎಂ.2 ಮಾಡ್ಯೂಲನ್ನೇ ಒಂದು ಹಲಗೆಯ ಮೇಲೆ ಕೂರಿಸಿ, ಅಲ್ಲಿಂದ ಹಿಂಬದಿಯವರೆಗೆ ಎರಡು ಎಳೆ ತಂತಿ ಎಳೆದಿರುತ್ತಾರೆ. ಸಾಗಣೆಯಲ್ಲಿ ಅವು ಕಳಚುವುದುಂಟು. ಒಂದು ಪ್ರಶ್ನೆ ಉಳಿಯಿತು: ಹಳೆಯ ಡಾಂಗಲ್ ಎಲ್ಲಿತ್ತು?

ಮಹಡಿಕೋಣೆ ಬರೆದದ್ದು:

ಡಾಂಗಲಿಗೆ ಒಂದು ಉದ್ದನೆಯ ಯುಎಸ್‌ಬಿ ತಂತಿ ಜೋಡಿಸಿ ಮೇಜಿನ ಮೇಲೆ, ಮಾನಿಟರಿನ ಪಕ್ಕದಲ್ಲಿ ಇಟ್ಟಿದ್ದೆ. ಈಗ ಅರ್ಥವಾಗುತ್ತಿದೆ.

ಹೊಸಬೆಳಕು ಬರೆದದ್ದು:

ಇಷ್ಟೆಲ್ಲ ಲೆಕ್ಕ ಏಕೆ? 8 ಅಥವಾ 9 ಡಿಬಿಐ (ಆಂಟೆನಾ ಒಂದು ದಿಕ್ಕಿಗೆ ಸಂಕೇತವನ್ನು ಎಷ್ಟು ಹೆಚ್ಚಿಸುತ್ತದೆ ಎಂಬುದರ ಅಳತೆ) ಎಂದು ಬರೆದಿರುವ ಉದ್ದನೆಯ ಆಂಟೆನಾಗಳು ಅಂತರಜಾಲದ ಮಳಿಗೆಗಳಲ್ಲಿ ಅಗ್ಗವಾಗಿಯೇ ಸಿಗುತ್ತವೆ. ಈಗಿರುವ ಗಿಡ್ಡ ಆಂಟೆನಾಗಳನ್ನು ತೆಗೆದು ಅವನ್ನು ತಿರುಗಿಸಿ ಹಾಕಿದರೆ ಆರೇಳು ಡೆಸಿಬೆಲ್ ಒಮ್ಮೆಲೇ ಹೆಚ್ಚುತ್ತದೆ.

ಅಲೆಗಣಿತ ಬರೆದದ್ದು:

ಹೊಸಬೆಳಕು ಅವರ ಸಲಹೆಯನ್ನು ಒಂದೇ ಅಂತಸ್ತಿನ ಮನೆಯಲ್ಲಿ ನಾನೂ ಒಪ್ಪುತ್ತಿದ್ದೆ. ಇಲ್ಲಿ ಅದು ತಿರುಗುಬಾಣವಾಗುವ ಸಂಭವವಿದೆ.

ಆಂಟೆನಾ ತಾನಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಒಂದು ದಿಕ್ಕಿನಿಂದ ಕಿತ್ತು ಇನ್ನೊಂದು ದಿಕ್ಕಿಗೆ ಕೊಡುತ್ತದೆ. ನೆಟ್ಟಗೆ ನಿಲ್ಲಿಸಿದ ಸಾಮಾನ್ಯ 2 ಡಿಬಿಐ ಆಂಟೆನಾದ ಸುತ್ತ ಸಂಕೇತ ಹರಡುವ ಆಕಾರ ಉದ್ದಿನವಡೆಯಂತಿರುತ್ತದೆ ಎಂದು ಭಾವಿಸಿಕೊಳ್ಳಿ, ಆಂಟೆನಾ ಅದರ ತೂತಿನಲ್ಲಿ ನಿಂತಿರುವ ಕಡ್ಡಿ. ಸುತ್ತಲೂ ಚೆನ್ನಾಗಿ ಸಿಗುತ್ತದೆ, ನೇರ ಮೇಲೆ ಮತ್ತು ನೇರ ಕೆಳಗೆ ಸಿಗುವುದು ಅತ್ಯಲ್ಪ. 9 ಡಿಬಿಐ ಎಂದರೆ ಅದೇ ಹಿಟ್ಟನ್ನು ಒತ್ತಿ ದೋಸೆ ಮಾಡಿದಂತೆ, ಅಗಲ ಹೆಚ್ಚುತ್ತದೆ, ದಪ್ಪ ಹೋಗುತ್ತದೆ. ರೌಟರ್ ಕೆಳಗಿನ ಅಂತಸ್ತಿನಲ್ಲಿ ಓರೆಯಾಗಿರುವಾಗ ಆ ದೋಸೆ ಅದರ ತಲೆಯ ಮೇಲಿನಿಂದ ಹಾದುಹೋಗುತ್ತದೆ. ನಿಮಗೆ ಬೇಕಾದದ್ದು ವಡೆಯೇ, ಅದನ್ನು ಸ್ವಲ್ಪ ವಾಲಿಸಬೇಕು ಅಷ್ಟೆ. ಎರಡು ಆಂಟೆನಾಗಳಲ್ಲಿ ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡಲಾಗಿ ಮಲಗಿಸಿ ನೋಡಿ. ಮಲಗಿಸುವಾಗ ಆಂಟೆನಾದ ತುದಿ ರೌಟರಿನ ಕಡೆ ನೆಟ್ಟ ಕಣ್ಣಿನಂತಿರಬಾರದು, ಅದರ ಪಕ್ಕೆ ರೌಟರಿಗೆ ಕಾಣುವಂತಿರಬೇಕು. (ಚಿಕ್ಕ ಕಡ್ಡಿಯ ಮೇಲೆ 12 ಡಿಬಿಐ ಎಂದು ಅಚ್ಚು ಹಾಕಿರುವುದನ್ನೂ ಕಂಡಿದ್ದೇನೆ. ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ.)

ಕೊಳ್ಳಲೇಬೇಕೆಂದಿದ್ದರೆ ಅಡಿಯಲ್ಲಿ ಅಯಸ್ಕಾಂತವಿದ್ದು ಒಂದು ಮೀಟರ್ ತಂತಿಯಿಂದ ಜೋಡಿಸುವ ಆಂಟೆನಾ ಪೀಠವನ್ನು ಕೊಳ್ಳಿ. ಕೆಲವು ಕಾರ್ಡುಗಳ ಜೊತೆಗೇ ಅದು ಬರುತ್ತದೆ. ಅದರ ತೆಳು ತಂತಿಯೂ ಪುಕ್ಕಟೆಯಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಒಂದೂವರೆ ಡೆಸಿಬೆಲ್‌ನಷ್ಟು, 5ರಲ್ಲಿ 2 ಅಥವಾ ಅದಕ್ಕಿಂತ ಹೆಚ್ಚು ಕಳೆಯುತ್ತದೆ. ಹತ್ತಕ್ಕೂ ಹೆಚ್ಚು ಡೆಸಿಬೆಲ್ ನುಂಗುತ್ತಿರುವ ಮರೆಯಿಂದ ಪಾರಾಗಲು ಎರಡನ್ನು ಕೊಡುವುದು ಲಾಭದ ವ್ಯಾಪಾರ. ಮೂರು ಮೀಟರಿನದು ಬೇಡ.

ಅಂಗಡಿಯಲ್ಲಿ ಒಂದು ಎಚ್ಚರ ಅಗತ್ಯ. ವೈಫೈ ಕಾರ್ಡುಗಳಲ್ಲಿರುವುದು ಆರ್‌ಪಿ ಎಸ್‌ಎಂಎ ಎಂಬ ಮಗುಚಿದ ಜೋಡಣೆ: ಕಾರ್ಡಿನ ಕಡೆ ಹೊರಗಿನ ಸ್ಕ್ರೂ ಸುತ್ತುಗಳ ನಡುವೆ ಸೂಜಿ ಇರುತ್ತದೆ, ಆಂಟೆನಾದ ಕಡೆ ತೂತು ಇರುತ್ತದೆ. ಸಾಮಾನ್ಯ ಎಸ್‌ಎಂಎ ಇದಕ್ಕೆ ತದ್ವಿರುದ್ಧ, ಆದರೆ ಸ್ಕ್ರೂ ಸುತ್ತು ಎರಡರದೂ ಒಂದೇ. ತಪ್ಪು ಜೋಡಿಯಲ್ಲಿ ಸೂಜಿಗೆ ಸೂಜಿ ತಾಗಿ ಬಾಗಬಹುದು, ಅಥವಾ ತೂತಿಗೆ ತೂತು ಎದುರಾಗಿ, ಬಿಗಿಯಾಗಿ ಕೂತಂತೆ ಕಂಡರೂ ಒಳಗೆ ಸಂಪರ್ಕವೇ ಆಗದಿರಬಹುದು.

ಸದ್ದಡಗು ಬರೆದದ್ದು:

ಇಲ್ಲಿಯವರೆಗೆ ಎಲ್ಲರೂ ಸಂಕೇತದ ಬಗ್ಗೆ ಬರೆದಿದ್ದಾರೆ, ಗದ್ದಲದ ಬಗ್ಗೆ ಯಾರೂ ಬರೆದಿಲ್ಲ. ಸಂತೆಯಲ್ಲಿ ಕೂಗಿದರೂ ಕೇಳದ ಮಾತು ದೇವಸ್ಥಾನದ ಗರ್ಭಗುಡಿಯಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ. ಕಾರ್ಡಿಗೆ ಮುಖ್ಯವಾದದ್ದು ಇವೆರಡರ ನಡುವಿನ ಅಂತರ.

ನಿಮ್ಮ ಹೆಡ್‌ಫೋನಿನ ತೊಂದರೆಗೆ ಇದೇ ಕಾರಣವಿರಬಹುದೆಂಬುದು ನನ್ನ ಊಹೆ. ಪೆಟ್ಟಿಗೆಯ ಹಿಂಬದಿಯಲ್ಲಿ, ಕಾರ್ಡಿನ ಹತ್ತಿರ, ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಏನಾದರೂ ಚುಚ್ಚಿದ್ದೀರಾ? ಯುಎಸ್‌ಬಿ 3.0ರ ಸೆಕೆಂಡಿಗೆ 5 ಗಿಗಾಬಿಟ್ ವೇಗದ ಸಂಕೇತದಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಆವರಿಸುತ್ತದೆ ಎಂಬುದನ್ನು ಇಂಟೆಲ್ ಸಂಸ್ಥೆ 2012ರಲ್ಲಿಯೇ ಅಳತೆಗಳೊಂದಿಗೆ ಪ್ರಕಟಿಸಿತ್ತು. ನಿಮ್ಮ ವೈಫೈ 5 ಗಿಗಾಹರ್ಟ್ಸ್‌ನಲ್ಲಿರುವುದರಿಂದ ಅದಕ್ಕೆ ಇದರ ಬಾಧೆ ಕಡಿಮೆ, ಆದರೆ ಬ್ಲೂಟೂತ್ ಇರುವುದು 2.4ರಲ್ಲಿ, ಮತ್ತು ಇಂಥ ಕಾರ್ಡುಗಳಲ್ಲಿ ಅದು ವೈಫೈ ಆಂಟೆನಾವನ್ನೇ ಹಂಚಿಕೊಳ್ಳುತ್ತದೆ.

ಇನ್ನೊಂದು ಸಂಗತಿ ಚಾನೆಲಿನ ಅಗಲ, ಅಂದರೆ ರೌಟರ್ ಮಾತಾಡಲು ಬಳಸುವ ತರಂಗಪಟ್ಟಿಯ ಅಗಲ. ಅಗಲ ದುಪ್ಪಟ್ಟಾದಾಗಲೆಲ್ಲ ಕಾರ್ಡು ಒಳಗೆಳೆದುಕೊಳ್ಳುವ ಗದ್ದಲವೂ ದುಪ್ಪಟ್ಟಾಗುತ್ತದೆ, ಅಂದರೆ 3 ಡೆಸಿಬೆಲ್ ಕೈತಪ್ಪುತ್ತದೆ. ವೈಫೈ ಮಾನಕ ನಿಗದಿಪಡಿಸಿರುವ ಕನಿಷ್ಠ ಗ್ರಹಣಶಕ್ತಿಯನ್ನೇ ನೋಡಿ: 20 ಮೆಗಾಹರ್ಟ್ಸ್‌ನಲ್ಲಿ ಅತ್ಯಂತ ನಿಧಾನದ ವೇಗಕ್ಕೆ ಮೈನಸ್ 82 ಡಿಬಿಎಂ ಸಾಕು, 80 ಮೆಗಾಹರ್ಟ್ಸ್‌ನಲ್ಲಿ ಅದೇ ಹಂತಕ್ಕೆ ಮೈನಸ್ 76 ಬೇಕು. ಒಳ್ಳೆಯ ಕಾರ್ಡುಗಳು ಇದಕ್ಕಿಂತ ಕೆಲವು ಡೆಸಿಬೆಲ್ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತವಾದರೂ, ಮೈನಸ್ 81ರಲ್ಲಿ ನಿಂತು 80 ಮೆಗಾಹರ್ಟ್ಸ್ ಬೇಕೆನ್ನುವುದು ಅತಿಯಾಸೆ. ಆಂಟೆನಾದ ಜಾಗ ಸರಿಹೋದ ಮೇಲೂ ಮೈನಸ್ 70 ದಾಟದಿದ್ದರೆ ರೌಟರಿನಲ್ಲಿ ಅಗಲವನ್ನು 40ಕ್ಕೆ ಇಳಿಸಿ. 100 ಎಂಬಿಪಿಎಸ್ ಯೋಜನೆಗೆ ಅದು ಧಾರಾಳವಾಯಿತು. ಪರದೆಯ ಮೂಲೆಯ ಪಟ್ಟಿಗಳು ರೌಟರಿನಿಂದ ನಿಮಗೆ ಬರುವುದನ್ನು ಮಾತ್ರ ಹೇಳುತ್ತವೆ, ನಿಮ್ಮ ಕಾರ್ಡಿನ ಕೂಗು ಕೆಳಗಿನವರೆಗೆ ಕೇಳುತ್ತಿದೆಯೇ ಎಂಬುದನ್ನಲ್ಲ. ಆದ್ದರಿಂದ ಅಪ್‌ಲೋಡ್ ವೇಗವನ್ನೂ ಬರೆದಿಟ್ಟುಕೊಳ್ಳಿ.

ಮಹಡಿಕೋಣೆ ಬರೆದದ್ದು:

ಭಾನುವಾರ ಇಡೀ ಬೆಳಗು ಇದಕ್ಕೇ ಹೋಯಿತು. ಅಳತೆಗಳನ್ನು ನಡೆದ ಕ್ರಮದಲ್ಲಿಯೇ ತಿಳಿಸುತ್ತೇನೆ.

ಪೆಟ್ಟಿಗೆಯನ್ನು ಬರಿದೆ ತಿರುಗಿಸಿದ್ದಕ್ಕೆ ಮೈನಸ್ 81 ಇದ್ದದ್ದು 75ಕ್ಕೆ ಬಂತು. ಹಾಗೆ ತಿರುಗಿಸುವಾಗಲೇ ಎರಡನೆಯ ಆಂಟೆನಾ ಕೈಯಲ್ಲಿ ಅಲುಗಾಡಿತು. ಅಂಗಡಿಯಲ್ಲಿ ಅರ್ಧ ಸುತ್ತು ಮಾತ್ರ ತಿರುಗಿಸಿ ಬಿಟ್ಟಿದ್ದರೆಂದು ತೋರುತ್ತದೆ. ಬಿಗಿ ಮಾಡಿದ ಮೇಲೆ ತೋರುವ ಸಂಖ್ಯೆ ಅಷ್ಟೇನೂ ಬದಲಾಗದಿದ್ದರೂ ವೇಗ ಮಾತ್ರ ಎದ್ದು ಕಾಣುವಷ್ಟು ಏರಿತು. ಸಂಜೆ ಪರಿಚಿತರೊಬ್ಬರಿಂದ ಅಯಸ್ಕಾಂತದ ಪೀಠವನ್ನು ಎರವಲು ತಂದು, ಸೂಜಿ ಮತ್ತು ತೂತನ್ನು ಎರಡೆರಡು ಸಲ ನೋಡಿ ಜೋಡಿಸಿ, ಮೇಜಿನ ಮೇಲಿಟ್ಟೆ. ಮೈನಸ್ 68 ಬಂತು. ಒಂದು ಆಂಟೆನಾವನ್ನು ಅಡ್ಡ ಮಲಗಿಸಿದಾಗ ಮೈನಸ್ 64. ಕೊಂಚ ಉತ್ಸಾಹದಿಂದ ಅದೇ ಪೀಠವನ್ನು ಪಕ್ಕದ ಕಬ್ಬಿಣದ ಬೀರುವಿನ ಬಾಗಿಲಿಗೆ ಅಂಟಿಸಿ ನೋಡಿದೆ, ಮತ್ತೆ ಮೈನಸ್ 73ಕ್ಕೆ ಕುಸಿಯಿತು. ಅಯಸ್ಕಾಂತವಿದೆಯೆಂದು ಕಬ್ಬಿಣಕ್ಕೇ ಅಂಟಿಸಬೇಕಿಲ್ಲವೆಂದು ತಿಳಿಯಿತು.

ಈಗ ಡೌನ್‌ಲೋಡ್ 94, ಅಪ್‌ಲೋಡ್ 88. ಅಗಲವನ್ನು 80ರಲ್ಲಿಯೇ ಬಿಟ್ಟಿದ್ದೇನೆ. ಸದ್ದಡಗು ಅವರ ಊಹೆಯೂ ನಿಜವಾಗಿತ್ತು: ಬ್ಯಾಕಪ್ ಡಿಸ್ಕು ಕಾರ್ಡಿನ ಪಕ್ಕದ ತೂತಿನಲ್ಲಿಯೇ ಇತ್ತು, ಅದನ್ನು ಮುಂಬದಿಗೆ ಬದಲಾಯಿಸಿದ ಮೇಲೆ ಹೆಡ್‌ಫೋನ್ ಸುಮ್ಮನೆ ಹಾಡುತ್ತಿದೆ. ಉಳಿದಿರುವ ಸಂದೇಹ ಒಂದೇ. ವಿಡಿಯೊ ಕರೆಯ ನಡುವೆ ಕೆಲವು ನಿಮಿಷಗಳಿಗೊಮ್ಮೆ ಚಿತ್ರ ಒಂದು ಕ್ಷಣ ನಿಂತು ಮುಂದುವರಿಯುತ್ತದೆ. ಆಗಲೂ ಸಂಕೇತ ಮೈನಸ್ 64 ಎಂದೇ ತೋರುತ್ತದೆ.

ತಂತಿಮೂಲೆ ಬರೆದದ್ದು:

ಅದು ಕಾರ್ಡು ಬೇರೆ ಜಾಲಗಳನ್ನು ಹುಡುಕಲು ಒಂದು ಗಳಿಗೆ ತನ್ನ ಚಾನೆಲನ್ನು ಬಿಟ್ಟುಹೋಗುವುದರಿಂದ ಆಗುತ್ತಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಅಡ್ವಾನ್ಸ್‌ಡ್ ಪುಟವನ್ನು ತೆರೆದು ರೋಮಿಂಗ್ ಅಗ್ರೆಸಿವ್‌ನೆಸ್ ಎಂಬುದನ್ನು ಕನಿಷ್ಠಕ್ಕೆ ಇಳಿಸಿ. ಮೇಜು ಬಿಟ್ಟು ಕದಲದ ಯಂತ್ರಕ್ಕೆ ಅದರಿಂದ ನಷ್ಟವೇನಿಲ್ಲ. ಇಳಿಸಿದ ಮೇಲೆ ರೌಟರಿನ ವಿಳಾಸಕ್ಕೆ ಹತ್ತು ನಿಮಿಷ ಪಿಂಗ್ (ಪುಟ್ಟ ಸಂದೇಶ ಕಳಿಸಿ ಉತ್ತರ ಮರಳುವ ಸಮಯವನ್ನು ಅಳೆಯುವ ಆಜ್ಞೆ) ಓಡಿಸಿಡಿ. ರೌಟರಿನವರೆಗೆ ಎಲ್ಲವೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಮರಳುತ್ತಿದ್ದು ಚಿತ್ರ ಆಗಲೂ ನಿಂತರೆ, ದೋಷ ನಿಮ್ಮ ಮನೆಯ ಗಾಳಿಯಲ್ಲಿಲ್ಲ, ಅದರಾಚೆಯ ಫೈಬರಿನಲ್ಲಿದೆ.

ಮಹಡಿಕೋಣೆ ಬರೆದದ್ದು:

ಇಳಿಸಿ ಮೂರು ದಿನಗಳಾದವು, ಕರೆಗಳಲ್ಲಿ ಚಿತ್ರ ನಿಂತಿಲ್ಲ. ಪಿಂಗ್ 3 ಮಿಲಿಸೆಕೆಂಡಿನ ಆಸುಪಾಸಿನಲ್ಲಿದೆ. ಎರವಲು ತಂದ ಪೀಠವನ್ನು ಹಿಂದಿರುಗಿಸಿ ಒಂದು ಮೀಟರ್ ತಂತಿಯ ಹೊಸದನ್ನು ತರಿಸಿದ್ದೇನೆ, ಬೀರುವಿನಿಂದ ದೂರದಲ್ಲಿ, ಪುಸ್ತಕಗಳ ಮೇಲೆ ಇಟ್ಟಿದ್ದೇನೆ.