ಗೃಹಪ್ರವೇಶಕ್ಕೆ ಬಂದವರು, ಬಂದು ಹೋಗದವರು

ನಮ್ಮ ಶೆಟ್ರಿಗೆ ಈಗ ಟೆರೇಸಿನ ಮೇಲೆ ತೋಟ ಆಗ್ಬೇಕಂತೆ. ಚಟ್ಟಿಯಲ್ಲಿ ನಾಲ್ಕು ಮಲ್ಲಿಗೆ ಗಿಡ ಇಡುದಲ್ಲ, ಅದನ್ನು ಉಡುಪಿಯಲ್ಲಿ ಯಾರು ಮಾಡುದಿಲ್ಲ ಹೇಳಿ, ಇದು ಸೀದಾ ಸ್ಲ್ಯಾಬಿನ ಮೇಲೆ ಒಂದಡಿ ಮಣ್ಣು ಹಾಸಿ ಹುಲ್ಲು, ಹೂವು, ಮೂಲೆಗೊಂದು ಮಾವಿನ ಗಿಡ, ಮಧ್ಯದಲ್ಲಿ ಉಯ್ಯಾಲೆ. ಬೆಂಗಳೂರಲ್ಲಿ ಅವರ ಷಡ್ಡಕ ಮಾಡ್ಸಿದ್ದಾನೆ, ರಾತ್ರಿ ಸೀರಿಯಲ್ ಲೈಟ್ ಹಾಕಿ ವಿಡಿಯೋ ಕಳಿಸಿದ್ದಾನೆ, ಅಲ್ಲಿಂದ ಅಂಟಿದ ಕಾಯಿಲೆ.

"ಸ್ಲ್ಯಾಬ್ ತಡೀತದಾ ಶೆಟ್ರೆ?" ಅಂತ ಭಟ್ರು ಗೋಳಿಬಜೆ ಚಟ್ನಿಗೆ ಅದ್ದಿಕೊಂಡು ಕೇಳಿದ್ರು, ಕೇಳ್ಬೇಕು ಅಂತ ಕೇಳಿದ್ದೇನಲ್ಲ, ಬಾಯಿ ಖಾಲಿ ಇತ್ತು ಅಷ್ಟೆ.

"ಎಂತ ತಡೀತದಾ? ನಮ್ಮ ಗೃಹಪ್ರವೇಶಕ್ಕೆ ಮೇಲೆಯೇ ಶಾಮಿಯಾನ ಹಾಕಿ ಊಟ ಬಡಿಸಿದ್ದು. ಒಂದು ಪಂಕ್ತಿಗೆ ನೂರು ಜನ. ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೆ ತೋರ್ಸಿ."

ವಾರಿಜಕ್ಕ ಚಾ ಗ್ಲಾಸು ಕೆಳಗಿಟ್ರು. "ಬಂತು. ನಾನು ಕಾಯ್ತಾ ಇದ್ದೆ. ಟೆರೇಸ್ ತೋಟದ ಮಾತು ಎತ್ತಿದ ಕೂಡ್ಲೆ ಎಲ್ಲರೂ ಗೃಹಪ್ರವೇಶದ ನೆಂಟರನ್ನು ಕರ್ಕೊಂಡು ಬರ್ತಾರೆ. ಈ ಊರಲ್ಲಿ ಸ್ಲ್ಯಾಬ್ ಟೆಸ್ಟ್ ಮಾಡುವ ಮೆಷಿನ್ ಅಂದ್ರೆ ಹೋಳಿಗೆ ತಿನ್ಲಿಕ್ಕೆ ಬಂದವರು."

"ಹಾಗಲ್ಲ ವಾರಿಜಕ್ಕ, ನೂರು ಜನ ಅಂದ್ರೆ..."

"ನೂರು ಜನ ಅಂದ್ರೆ ಆರು ಟನ್. ಆಯ್ತು, ನೆಂಟರ ಲೆಕ್ಕದಲ್ಲೇ ಹೇಳ್ತೇನೆ, ನಿಮಗೆ ಕೆಜಿಗಿಂತ ಅದೇ ಅರ್ಥ ಆಗುದು. ಮಣ್ಣು ಎಷ್ಟು ಜಾಗಕ್ಕೆ?"

"ಮೂವತ್ತಕ್ಕೆ ಇಪ್ಪತ್ತಡಿ."

ಚಾದ ಬಿಲ್ಲಿನ ಹಿಂದೆ ಲೆಕ್ಕ ಶುರುವಾಯ್ತು. 600 ಚದರಡಿ, ಒಂದಡಿ ದಪ್ಪ, 600 ಘನಅಡಿ, ಅಂದ್ರೆ ಸುಮಾರು 17 ಘನಮೀಟರ್. ನಮ್ಮ ಕೆಂಪು ಮಣ್ಣು ಚೆನ್ನಾಗಿ ನೀರು ಕುಡಿದ ಮೇಲೆ ಒಂದು ಘನಮೀಟರಿಗೆ 1800 ಕೆಜಿ ಆದ್ರೂ ತೂಗ್ತದೆ. ಒಟ್ಟು 30 ಟನ್. ತಲೆಗೆ 60 ಕೆಜಿ ಹಿಡಿದ್ರೆ 500 ಜನ.

"ಐನೂರು ಜನ ನೆಂಟರು ಶೆಟ್ರೆ. ಭುಜಕ್ಕೆ ಭುಜ ತಾಗಿಸಿಕೊಂಡು, ಚದರ ಮೀಟರಿಗೆ ಒಂಬತ್ತು ಜನ. ಊಟ ಆದ್ಮೇಲೆ ಹೋಗುವವರಲ್ಲ. ವೀಳ್ಯ ಕೊಟ್ರೂ ಹೋಗುದಿಲ್ಲ. ರಾತ್ರಿ ಅಲ್ಲೇ, ಮರುದಿನ ಅಲ್ಲೇ, ನಿಮ್ಮ ಮೊಮ್ಮಗನ ಮದುವೆಗೂ ಅಲ್ಲೇ."

ರಾಬರ್ಟ್ ಮಾಮ್ ನಕ್ಕು ನಕ್ಕು ಕೆಮ್ಮಿದ್ರು. ಶೆಟ್ರು ನಗ್ಲಿಲ್ಲ. "ಸ್ಲ್ಯಾಬ್ ಎಷ್ಟು ಜನಕ್ಕೆ ಅಂತ ಮಾಡಿದ್ದಿರ್ತದೆ ಹಾಗಾದ್ರೆ?"

ಪ್ರಶ್ನೆ ಸರಿಯಾದದ್ದು, ಆದ್ರೆ ಇದನ್ನು ಮಣ್ಣಿನ ಟಿಪ್ಪರಿಗೆ ಅಡ್ವಾನ್ಸ್ ಕೊಡುವ ಮುಂಚೆ ಕೇಳುವವರು ಕಡಿಮೆ. ವಾರಿಜಕ್ಕ ವರ್ಷಗಟ್ಟಲೆ ಬೀಮು ಕಾಲಮ್ಮಿನ ಡ್ರಾಯಿಂಗ್ ಗೀಚಿದವರು, ಬಾಯಿಪಾಠ ಹೇಳಿದ ಹಾಗೆ ಹೇಳಿದ್ರು. ಕಟ್ಟಡ ಎಷ್ಟು ಭಾರಕ್ಕೆ ಅಂತ ಹೇಳುವ ಸರಕಾರಿ ಕೋಡು ಐಎಸ್ 875, ಎರಡನೇ ಭಾಗ, 1987ರದ್ದು: ಜನ ಹತ್ತಿ ಓಡಾಡುವ ಮಟ್ಟಸ ತಾರಸಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದ್ರೆ ಹತ್ರ ಹತ್ರ 150 ಕೆಜಿ. ಹತ್ಲಿಕ್ಕೆ ಮೆಟ್ಟಲೇ ಇಲ್ಲದ ಮಾಡಾದ್ರೆ ಅದರ ಅರ್ಧ. ನಿಮ್ಮ ಮೂವತ್ತಕ್ಕೆ ಇಪ್ಪತ್ತಕ್ಕೆ ಎಂಟೂ ಚಿಲ್ಲರೆ ಟನ್, 140 ಜನ. ನೂರು ಜನ ಪಂಕ್ತಿಯಲ್ಲಿ ಕೂತ್ರೆ ಏನೂ ಆಗ್ಲಿಲ್ಲ ಅಂದ್ರೆ ಅದು ಸ್ಲ್ಯಾಬಿನ ಪರಾಕ್ರಮ ಅಲ್ಲ ಮಾರಾಯ್ರೆ, ಲೆಕ್ಕದ ಒಳಗೇ ಇದ್ರು. ಮತ್ತೆ ಬಡಿಸುವವರು ನಾಲ್ಕು ಜನ, ಪಾಯಸ ಕೇಳುವ ಭಟ್ರು ಒಬ್ರು.

"ಆದ್ರೆ ಸೇಫ್ಟಿ ಅಂತ ಒಂದೂವರೆ ಪಟ್ಟು ಹಾಕ್ತಾರಲ್ಲ?" ಅಂದ್ರು ರಾಬರ್ಟ್ ಮಾಮ್. ಅವರಿಗೆ ಹೀಗೆ ಎಲ್ಲಾದ್ರಲ್ಲೂ ಒಂದು ಅರ್ಧ ಗೊತ್ತಿರ್ತದೆ.

"ಹಾಕ್ತಾರೆ. ಅದು ಸಿಮೆಂಟಿನಲ್ಲಿ ಮರಳು ಜಾಸ್ತಿ ಆದದ್ದಕ್ಕೆ, ಮೇಸ್ತ್ರಿ ರಾಡನ್ನು ಅರ್ಧ ಇಂಚು ಆಚೆ ಕಟ್ಟಿದ್ದಕ್ಕೆ, ನಮ್ಮ ಲೆಕ್ಕ ತಪ್ಪಿದ್ದಕ್ಕೆ. ಶೆಟ್ರ ಷಡ್ಡಕನಿಗೆ ಹೊಟ್ಟೆ ಉರಿಸ್ಲಿಕ್ಕೆ ಇಟ್ಟದ್ದಲ್ಲ."

ಮತ್ತೊಂದು ಸಂಗತಿ ಅಂದ್ರೆ ಆ 150 ಬಂದು ಹೋಗುವ ಭಾರಕ್ಕೆ ಇಟ್ಟದ್ದು, ಮಣ್ಣು ಕೂತಲ್ಲೇ ಕೂರುವ ಭಾರ. ಕಾಂಕ್ರೀಟಿನ ಮೇಲೆ ಒಂದೇ ಸಮ ಭಾರ ಕೂತ್ರೆ ವರ್ಷ ಹೋದ ಹಾಗೆ ಅದು ನಿಧಾನಕ್ಕೆ ಬಾಗ್ತಾ ಹೋಗ್ತದೆ, ಕ್ರೀಪ್ ಅಂತಾರೆ. ಬಾಗಿದಲ್ಲಿ ಗುಂಡಿ, ಗುಂಡಿಯಲ್ಲಿ ನೀರು, ನೀರಿನ ಭಾರಕ್ಕೆ ಇನ್ನೂ ಸ್ವಲ್ಪ ಬಾಗುದು. ಹೊರಟು ನಿಂತ ನೆಂಟರು ಇನ್ನೊಂದು ಚಾ ಆಗ್ಲಿ ಅಂತ ಮತ್ತೆ ಕೂತ ಹಾಗೆ.

ಶೆಟ್ರು ಸೋಲುವವರಲ್ಲ. "ಕೋಕೋಪೀಟ್ ಹಾಕ್ತೇನೆ. ಅಂಗಡಿಯಲ್ಲಿ ಐದು ಕೆಜಿ ಬ್ಲಾಕನ್ನು ಒಂದು ಕೈಯಲ್ಲಿ ಎತ್ತಿದ್ದೇನೆ."

"ಒಣಗಿದ್ದನ್ನು ಎತ್ತಿದ್ದೀರಿ. ಅದು ತನ್ನ ತೂಕದ ಏಳೆಂಟು ಪಟ್ಟು ನೀರು ಕುಡೀತದೆ. ಬರುವಾಗ ಉಪವಾಸ ಬಂದ ಹಾಗೆ ಕಾಣ್ತದೆ, ಪಂಕ್ತಿಯಲ್ಲಿ ಕೂತ ಮೇಲೆ ಗೊತ್ತಾಗುದು. ಮಣ್ಣಿಗಿಂತ ಹಗುರ ಹೌದು, ಇಲ್ಲ ಅನ್ನುದಿಲ್ಲ, ಆದ್ರೆ ತೂಕ ನೋಡುದಾದ್ರೆ ಮಳೆ ಹೊಡೆಯುವ ಆಟಿ ತಿಂಗಳಲ್ಲಿ ನೋಡ್ಬೇಕು, ಮಾರ್ಚಿಯಲ್ಲಲ್ಲ."

ಇಲ್ಲಿ ರಾಬರ್ಟ್ ಮಾಮ್ ಮಗನನ್ನು ತಂದ್ರು. ಮಗ ಜರ್ಮನಿಯಲ್ಲಿ, ಅಲ್ಲಿ ಕಾರ್ ಶೆಡ್ಡಿನ ಮೇಲೂ ಹುಲ್ಲು ಬೆಳೆಸ್ತಾರಂತೆ, ಶೆಡ್ಡು ಬಿದ್ದದ್ದು ಅವನು ನೋಡಿಲ್ಲವಂತೆ. ಬೀಳುದಿಲ್ಲ ಸರಿ, ಯಾಕಂದ್ರೆ ಅವರು ಹಾಕುದು ನಾಲ್ಕಿಂಚು, ಅದೂ ತೋಟದ ಮಣ್ಣಲ್ಲ, ಪ್ಯೂಮಿಸ್ ಕಲ್ಲು, ಪುಡಿ ಮಾಡಿದ ಇಟ್ಟಿಗೆ, ಸುಟ್ಟು ಉಬ್ಬಿಸಿದ ಜೇಡಿಯ ಉಂಡೆ, ಅದರ ಮೇಲೆ ಸೀಡಮ್ ಅಂತ ದಪ್ಪ ಎಲೆಯ ಪುಟ್ಟ ಗಿಡ. ಅಡಿಯಲ್ಲಿ ವಾಟರ್‌ಪ್ರೂಫಿಂಗ್, ಬೇರು ತಡೆಯುವ ಶೀಟು, ನೀರು ಹರಿಯುವ ಪದರ, ಫಿಲ್ಟರ್ ಬಟ್ಟೆ. ಇಷ್ಟೆಲ್ಲ ಸೇರಿ, ಪೂರ್ತಿ ಒದ್ದೆಯಾದಾಗ ಚದರ ಮೀಟರಿಗೆ 100ರಿಂದ 150 ಕೆಜಿ. ಅದನ್ನು ಲೆಕ್ಕ ಹಾಕಿಯೇ ಮಾಡು ಕಟ್ಟಿರ್ತಾರೆ.

"ಮತ್ತೆ ಮಳೆ," ಅಂದ್ರು ವಾರಿಜಕ್ಕ. "ಜರ್ಮನಿಯಲ್ಲಿ ಇಡೀ ವರ್ಷಕ್ಕೆ ಸರಾಸರಿ 800 ಮಿಲಿಮೀಟರಿನ ಹತ್ರ. ಉಡುಪಿಗೆ 4000ದ ಹತ್ರ. ಅವರ ಒಂದು ವರ್ಷ ನಮಗೆ ಜುಲೈ ತಿಂಗಳು ಮುಗಿಯುವ ಮೊದಲೇ ಮುಗೀತದೆ. ಒಂದು ಮಿಲಿಮೀಟರ್ ನೀರು ಅಂದ್ರೆ ಚದರ ಮೀಟರಿಗೆ ಒಂದು ಕೆಜಿ. ನಿಮ್ಮ ಔಟ್‌ಲೆಟ್ ಪೈಪಿಗೆ ಎರಡು ಹಲಸಿನ ಎಲೆ ಅಡ್ಡ ಬಿದ್ದು ಆರಿಂಚು ನೀರು ನಿಂತ್ರೆ ಅಲ್ಲಿಗೆ 150 ಕೆಜಿ ಆಯ್ತು. ಒಬ್ಬನೇ ಒಬ್ಬ ನೆಂಟ ಬರುವ ಮುಂಚೆ ಪಂಕ್ತಿ ಫುಲ್."

"ಹಾಗಾದ್ರೆ ತೋಟದ ಮೇಲೆ ಶೀಟು ಹಾಕುವ," ಅಂದ್ರು ಭಟ್ರು. "ಹೇಗೂ ಇಲ್ಲಿ ಎಲ್ಲರೂ ಟೆರೇಸಿನ ಮೇಲೆ ಶೀಟು ಹಾಕ್ತಾರಲ್ಲ, ಬಿಸಿಲು ಬೀಳುವ ನಮೂನೆಯ ಪ್ಲಾಸ್ಟಿಕ್ ಶೀಟು ಬಂದಿದೆ."

"ಸ್ಲ್ಯಾಬಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಗಿಡ, ಗಿಡದ ಮೇಲೆ ಮಾಡು. ಭಟ್ರೆ, ನೀವೀಗ ಶೆಟ್ರಿಗೆ ಇನ್ನೊಂದು ಮನೆ ಕಟ್ಟಿಸಿದ್ರಿ. ಅದಕ್ಕೂ ಗೃಹಪ್ರವೇಶ ಮಾಡ್ಬೇಕಾದೀತು."

ಶೆಟ್ರು ಆಮೇಲೆ ಮಾವಿನ ಗಿಡವನ್ನು ಬಿಟ್ಟುಕೊಟ್ರು, ಒಂದಡಿಯಿಂದ ಅರ್ಧ ಅಡಿಗೆ ಇಳಿದ್ರು, ಮೀನು ಮಾರ್ಕೆಟಿನಲ್ಲಿ ಚೌಕಾಸಿ ಮಾಡುವ ಗತ್ತಿನಲ್ಲೇ. ವಾರಿಜಕ್ಕ ಅದಕ್ಕೂ ಬಗ್ಗಲಿಲ್ಲ. ದೊಡ್ಡ ಚಟ್ಟಿ ಇಡುದಾದ್ರೆ ಕೆಳಗೆ ಬೀಮು, ಗೋಡೆ ಇರುವಲ್ಲಿ ಇಡಿ, ಕೋಣೆಯ ನಡುಮಧ್ಯ ಬೇಡ, ಬಾಲ್ಕನಿ ತುದಿಯಲ್ಲಂತೂ ಬೇಡವೇ ಬೇಡ, ಅದು ಒಂದೇ ಕಡೆ ಹಿಡ್ಕೊಂಡು ನೇತಾಡುವಂಥದ್ದು. ಹಾಸುದೇ ಆದ್ರೆ ಡ್ರಾಯಿಂಗ್ ನೋಡದೆ ಯಾರೂ ಹೇಳ್ಲಿಕ್ಕಾಗುದಿಲ್ಲ.

"ಡ್ರಾಯಿಂಗ್ ಉಂಟು!" ಶೆಟ್ರ ಮುಖ ಅರಳಿತು. ಫೋನಿನಲ್ಲೇ ಇತ್ತು. ಲೈಸೆನ್ಸಿಗೆ ಕೊಟ್ಟ ಪ್ಲಾನು. ದೇವರ ಕೋಣೆ ಈಶಾನ್ಯದಲ್ಲಿ, ಅಡಿಗೆ ಕೋಣೆ ಆಗ್ನೇಯದಲ್ಲಿ, ಬಾಗಿಲು ಕಿಟಕಿ ಎಲ್ಲ ಚಂದ.

"ಇದರಲ್ಲಿ ಸ್ಲ್ಯಾಬ್ ಎಷ್ಟು ದಪ್ಪ ಅಂತ ಎಲ್ಲುಂಟು? ರಾಡ್ ಎಷ್ಟು ಎಂಎಂದು, ಎಷ್ಟು ಇಂಚಿಗೊಂದು?"

"ಅದು ಮೇಸ್ತ್ರಿಗೆ ಗೊತ್ತು."

"ಮೇಸ್ತ್ರಿ ಎಲ್ಲಿ?"

"ತೀರಿ ಹೋದ ಪಾಪ."

ಯಾರೂ ಮಾತಾಡ್ಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ವಾರಿಜಕ್ಕನೇ, "ದೇವರ ಕೋಣೆಗೆ ಮೂರು ಮೂರು ಜನರ ಹತ್ರ ದಿಕ್ಕು ಕೇಳಿದ್ರಿ. ರಾಡಿಗೆ ಒಬ್ಬನ ಹತ್ರ ಕೇಳ್ಲಿಲ್ಲ. ಈಗ ಯಾರಾದ್ರೂ ಸ್ಟ್ರಕ್ಚರಲ್ ಇಂಜಿನಿಯರನ್ನು ಕರ್ಸಿ, ಮೇಲಿಂದ ಮೀಟರ್ ಹಿಡಿದು ರಾಡ್ ಹುಡುಕ್ತಾರೆ, ಸುತ್ತಿಗೆ ಹಾಗಿನದ್ದರಲ್ಲಿ ಬಡಿದು ಕಾಂಕ್ರೀಟಿನ ಗಟ್ಟಿ ನೋಡ್ತಾರೆ, ನಮ್ಮ ಉಪ್ಪು ಗಾಳಿಗೆ ಒಳಗಿನ ಕಬ್ಬಿಣ ಎಷ್ಟು ಉಳಿದಿದೆ ಅಂತಾನೂ ಗೊತ್ತಾದೀತು" ಅಂದ್ರು. ಲಾಟ್ವಿಯದ ರೀಗಾ ಅನ್ನುವ ಊರಿಂದೂ ಹೇಳಿದ್ರು. ಅಲ್ಲಿ ಒಂದು ಸೂಪರ್ ಮಾರ್ಕೆಟಿನ ಮಾಡಿನ ಮೇಲೆ ತೋಟದ ಕೆಲಸ ನಡೀತಾ ಇತ್ತು, 2013ರ ನವೆಂಬರ್ 21ರ ಸಂಜೆ ಮಾಡು ಕುಸಿದು 54 ಜನ ಹೋದ್ರು. ಡಿಸೈನಿನಲ್ಲೇ ತಪ್ಪಿತ್ತು, ಬರೀ ಮಣ್ಣಿನ ಮೇಲೆ ಗೂಬೆ ಕೂರಿಸ್ಲಿಕ್ಕಾಗುದಿಲ್ಲ. ಆದ್ರೆ ಅವರಲ್ಲಿ ತುಂಬಾ ಜನ ಸಂಜೆ ಹೊತ್ತಿಗೆ ಸಾಮಾನು ತರ್ಲಿಕ್ಕೆ ಹೋದವರು.

ಭಟ್ರು ಕೂಡ ಗೋಳಿಬಜೆ ಬಿಟ್ರು.

"ತಂಪಿಗೆ ಅಂತ ನಾನು ಹೇಳಿದ್ದು," ಅಂದ್ರು ಶೆಟ್ರು, ಸ್ವರ ಇಳಿದಿತ್ತು. "ಏಪ್ರಿಲಿನಲ್ಲಿ ಮೇಲಿನ ಕೋಣೆಯಲ್ಲಿ ಮಲಗ್ಲಿಕ್ಕೆ ಆಗುದಿಲ್ಲ. ಅಮ್ಮ ಇದ್ದಾಗ ಹಂಚಿನ ಮನೆ, ಇಷ್ಟು ಸೆಕೆ ಇರ್ಲಿಲ್ಲ. ಅಂಗಳದಾಚೆ ಬಸಳೆ ಚಪ್ಪರ, ಬಾವಿಕಟ್ಟೆ ಹತ್ರ ಅಬ್ಬಲಿಗೆ, ಕೇಪುಳ. ಹಂಚಿನ ಮೇಲೂ ಮಳೆಗಾಲ ಬಂದ್ರೆ ತನ್ನಷ್ಟಕ್ಕೆ ಜರಿಗಿಡ ಹುಟ್ತಿತ್ತು."

"ಆ ಬಸಳೆ ಚಪ್ಪರ ಎಲ್ಲಿ ಹೋಯ್ತು ಶೆಟ್ರೆ?"

"ಅಲ್ಲಿ ಈಗ ಇಂಟರ್‌ಲಾಕ್ ಕಲ್ಲು ಹಾಸಿದ್ದು."

"ಅಬ್ಬಲಿಗೆ?"

"ಅಲ್ಲೂ ಇಂಟರ್‌ಲಾಕೇ. ಎಲೆ ಗುಡಿಸಿ ಸಾಕಾಗ್ತದೆ ಮಾರಾಯ್ರೆ, ಮಳೆಗಾಲದಲ್ಲಿ ಕೆಸರು, ಕಾಲು ಜಾರ್ತದೆ..."

"ನೋಡಿ," ಅಂದ್ರು ವಾರಿಜಕ್ಕ. "ಭೂಮಿ ಮೇಲೆ ಎಷ್ಟು ಸಾವಿರ ನೆಂಟರು ಬೇಕಾದ್ರೂ ಕೂರ್ಬಹುದಿತ್ತು, ಬೀಮು ಬೇಡ, ರಾಡು ಬೇಡ, ಐಎಸ್ ಕೋಡೂ ಬೇಡ. ಅವರನ್ನು ಅಲ್ಲಿಂದ ಎಬ್ಬಿಸಿ ಇಂಟರ್‌ಲಾಕ್ ಹಾಕಿ, ಈಗ ಕೈ ಹಿಡಿದು ಮೆಟ್ಟಲು ಹತ್ತಿಸ್ತಾ ಇದ್ದೀರಿ. ಗೇಟಿನ ಹತ್ರ ನಾಲ್ಕು ಸಾಲು ಕಲ್ಲು ಕೀಳಿಸಿ, ಒಂದು ಬಸಳೆ ಬುಡ ಹಾಕಿ."

"ಗೇಟಿನ ಹತ್ರ ಕೀಳಿಸಿದ್ರೆ ಕಾರು ಎಲ್ಲಿ ನಿಲ್ಲಿಸುದು?"

"ಟೆರೇಸಿನ ಮೇಲೆ," ಅಂದ್ರು ಭಟ್ರು.

ಎಲ್ಲರೂ ನಕ್ರು, ವಾರಿಜಕ್ಕ ಮಾತ್ರ ಬಿಲ್ಲನ್ನು ಮತ್ತೆ ಎಳೆದುಕೊಂಡು, "ತಮಾಷೆ ಅಲ್ಲ, ಒಂದು ಸಣ್ಣ ಕಾರು ಅಂದ್ರೆ ಒಂದು ಟನ್ನು. ಶೆಟ್ರ ಮಣ್ಣು ಮೂವತ್ತು ಕಾರು. ಲೆಕ್ಕ ನೋಡಿದ್ರೆ ಕಾರೇ ವಾಸಿ" ಅಂದ್ರು. ಹಾಗೆ ಹೇಳ್ಬಾರದಿತ್ತು, ಯಾಕಂದ್ರೆ ಶೆಟ್ರು ಆಗ್ಲೇ ರ‍್ಯಾಂಪ್ ರಸ್ತೆ ಕಡೆಯಿಂದ ಬರ್ಬೇಕಾ ಬಾವಿ ಕಡೆಯಿಂದ ಬರ್ಬೇಕಾ ಅಂತ ರಾಬರ್ಟ್ ಮಾಮ್ ಹತ್ರ ಕೇಳ್ತಾ ಇದ್ರು.