ಥೈರಾಯ್ಡ್ ಕಡಿಮೆಯಾದವರಿಗೆ ಪಿತ್ತಗಂಧೆ, ಸೀನು, ತುರಿಕೆ: ಎರಡಕ್ಕೂ ನಂಟಿದೆಯೇ?

ಪ್ರಶ್ನೆ (ಸೇಡಂನ ಶಿಕ್ಷಕಿ): ನಮಸ್ಕಾರ ಮೇಡಂ. ನನಗೆ 38 ವರ್ಷ. ಹೋದ ಯುಗಾದಿಯ ಹೊತ್ತಿಗೆ ವಿಪರೀತ ಸುಸ್ತಾಗಿ, ಕೂದಲು ಉದುರತೊಡಗಿ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ (ಥೈರಾಯ್ಡ್ ಸೊರಗಿದಾಗ ರಕ್ತದಲ್ಲಿ ಏರುವ ಹಾರ್ಮೋನು) 14 ಬಂದಿತ್ತು. ಅಂದಿನಿಂದ ಥೈರಾಕ್ಸಿನ್ 75 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಮೈಮೇಲೆ ಪಿತ್ತಗಂಧೆ ಏಳುತ್ತಿದೆ. ಸಂಜೆ ಶಾಲೆಯಿಂದ ಬಂದು ಕುಳಿತರೆ ಸೊಂಟ, ತೊಡೆಯ ಸುತ್ತ ಕೆಂಪಗೆ ಉಬ್ಬುತ್ತದೆ, ಬೆಳಗಾಗುವಷ್ಟರಲ್ಲಿ ಗುರುತೂ ಉಳಿಯುವುದಿಲ್ಲ. ತೊಗರಿ ರಾಶಿ ಶುರುವಾದ ಮೇಲೆ ಸೀನು ಬೇರೆ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುತ್ತದೆ. ಅತ್ತೆಯವರು ಕಂಬಳಿಯಿಂದ ಮೈ ಉಜ್ಜುತ್ತಾರೆ, ಓಣಿಯವರು ಥೈರಾಯ್ಡ್ ಮಾತ್ರೆಯ ಉಷ್ಣ ಎನ್ನುತ್ತಾರೆ. ಇದು ಥೈರಾಯ್ಡ್‌ನಿಂದ ಬಂದ ಅಲರ್ಜಿಯೇ, ಮಾತ್ರೆಯಿಂದ ಬಂದದ್ದೇ? ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ ನೋಡಲೇ?

ಉತ್ತರ (ಕಲಬುರಗಿಯ ಫಿಸಿಷಿಯನ್): ಟೀಚರ್, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಇದನ್ನು ಓದುತ್ತಿರುವ ಕೆಲವರು ಈಗಾಗಲೇ ಮಾತ್ರೆಯನ್ನು ಪಕ್ಕಕ್ಕೆ ಇಟ್ಟಿರಬಹುದು. ಮಾತ್ರೆ ನಿಲ್ಲಿಸಬೇಡಿ. ಪಿತ್ತಗಂಧೆ ತಾನಾಗಿ ಏಳುತ್ತದೆ, ತಾನಾಗಿ ಇಳಿಯುತ್ತದೆ. ಎರಡು ದಿನ ಮಾತ್ರೆ ಬಿಟ್ಟಾಗ ಮೈ ತಣ್ಣಗಿದ್ದರೆ ಮಾತ್ರೆಯೇ ಕಾರಣವೆಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಅದನ್ನೇ ನಂಬಿ ತಿಂಗಳುಗಟ್ಟಲೆ ಮಾತ್ರೆ ಬಿಟ್ಟು, ಮುಖ ಬಾತು, ದನಿ ಒಡೆದು, ನಡೆಯಲೂ ಆಯಾಸಪಡುವ ಸ್ಥಿತಿಯಲ್ಲಿ ಬಂದವರನ್ನು ನಾನು ನೋಡಿದ್ದೇನೆ. ಅವರ ಪಿತ್ತಗಂಧೆ ಮಾತ್ರ ಹಾಗೆಯೇ ಇತ್ತು.

ಇನ್ನು ನಂಟಿನ ಮಾತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದದ್ದರಿಂದಲೇ ಧೂಳಿನ ಅಲರ್ಜಿಯೋ ಆಹಾರದ ಅಲರ್ಜಿಯೋ ಹುಟ್ಟುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದರೆ ಒಂದು ಕಡೆ ನಂಟು ನಿಜವಾಗಿಯೂ ಇದೆ, ಅದು ಆರು ವಾರ ಮೀರಿ ಕಾಡುವ ಪಿತ್ತಗಂಧೆಯಲ್ಲಿ. ಅಯೋಡಿನ್ ಉಪ್ಪು ಮನೆಮನೆಗೆ ಬಂದ ಮೇಲೆ ದೊಡ್ಡವರಲ್ಲಿ ಥೈರಾಯ್ಡ್ ಸೊರಗಲು ಮುಖ್ಯ ಕಾರಣ ಹಾಶಿಮೊಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ಮೊದಲು ವಿವರಿಸಿದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಇದರಲ್ಲಿ ಥೈರಾಯ್ಡ್ ಗ್ರಂಥಿಯನ್ನೇ ಶತ್ರುವೆಂದು ಬಗೆದು ಹಾಳುಮಾಡುತ್ತದೆ. ಆಗ ರಕ್ತದಲ್ಲಿ ಆಂಟಿ ಟಿಪಿಒ ಎಂಬ ಪ್ರತಿಕಾಯ ಹೆಚ್ಚಿರುತ್ತದೆ. ಹೊರಗಿನ ಕಾರಣ ಸಿಗದ ದೀರ್ಘಕಾಲದ ಪಿತ್ತಗಂಧೆಯಲ್ಲೂ ಅನೇಕರಿಗೆ ಇದೇ ಬಗೆಯ ಎಡವಟ್ಟು ನಡೆದಿರುತ್ತದೆ. ದೇಹ ತನ್ನದೇ ಚರ್ಮದ ಮಾಸ್ಟ್ ಕೋಶಗಳನ್ನು ಕೆರಳಿಸುತ್ತದೆ, ಅವು ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ, ಚರ್ಮ ಉಬ್ಬಿ ತುರಿಸುತ್ತದೆ. ಹೀಗಾಗಿಯೇ ಇಂಥ ಪಿತ್ತಗಂಧೆ ಇರುವವರಲ್ಲಿ ಆಂಟಿ ಟಿಪಿಒ ಇರುವ ಪ್ರಮಾಣ ಉಳಿದವರಿಗಿಂತ ಹೆಚ್ಚು. ಎರಡೂ ಒಂದೇ ಹೊಲದಲ್ಲಿ ಎದ್ದ ಕಳೆಗಳು, ಒಂದು ಇನ್ನೊಂದರಿಂದ ಹುಟ್ಟಿದ್ದಲ್ಲ.

ಈ ವ್ಯತ್ಯಾಸವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಏರಿಸಿದರೆ ಪಿತ್ತಗಂಧೆ ಹೋಗುತ್ತದೆ ಎಂದು ಕೆಲವರು ತಾವಾಗಿಯೇ 75ರಿಂದ 100ಕ್ಕೆ ಹೋಗುತ್ತಾರೆ. ಹಾಗಾಗುವುದಿಲ್ಲ, ಎದೆ ಬಡಿತ ಜೋರಾಗುತ್ತದೆ, ನಿದ್ದೆ ಕೆಡುತ್ತದೆ ಅಷ್ಟೇ. ಟಿಎಸ್‌ಎಚ್ ಸರಿಯಿಲ್ಲದಿದ್ದರೆ ಅದನ್ನು ಸರಿಪಡಿಸಬೇಕು, ಪಿತ್ತಗಂಧೆಗೆ ಅದರದೇ ಚಿಕಿತ್ಸೆ ಬೇಕು. ಸೆಟಿರಿಜಿನ್, ಫೆಕ್ಸೊಫೆನಡಿನ್, ಬೈಲಾಸ್ಟಿನ್ ಮೊದಲಾದ, ಮಂಪರು ಕಡಿಮೆ ತರುವ ಮಾತ್ರೆಗಳನ್ನು ತುರಿಕೆ ಬಂದ ದಿನ ಮಾತ್ರವಲ್ಲ, ವೈದ್ಯರು ಹೇಳಿದಷ್ಟು ಕಾಲ ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ವೈದ್ಯರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಅದಕ್ಕೂ ಬಗ್ಗದಿದ್ದರೆ ಚರ್ಮರೋಗ ತಜ್ಞರ ಬಳಿ ಒಮಾಲಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಹೆಚ್ಚಿನವರಲ್ಲಿ ಈ ತೊಂದರೆ ಒಂದರಿಂದ ಐದು ವರ್ಷದೊಳಗೆ ತಾನಾಗಿ ನಿಲ್ಲುತ್ತದೆ.

ಕಂಬಳಿಯಿಂದ ಉಜ್ಜುವುದನ್ನು ಅತ್ತೆಯವರಿಗೆ ಪ್ರೀತಿಯಿಂದಲೇ ಬೇಡವೆನ್ನಿ, ಉಜ್ಜಿದಷ್ಟೂ ಮಾಸ್ಟ್ ಕೋಶಗಳು ಕೆರಳುತ್ತವೆ. ಬದನೆಕಾಯಿ ನಂಜು, ಶೇಂಗಾ ಪಿತ್ತ ಎಂದು ಊಟದ ತಟ್ಟೆಯನ್ನೂ ಬರಿದು ಮಾಡಿಕೊಳ್ಳಬೇಡಿ. ತಿಂಗಳುಗಟ್ಟಲೆ ಏಳುವ ಪಿತ್ತಗಂಧೆಗೆ ಆಹಾರ ಕಾರಣವಾಗುವುದು ಅಪರೂಪ. ನಾನು ತಪ್ಪದೆ ಕೇಳುವ ಪ್ರಶ್ನೆ ಬೇರೆಯೇ: ಮೈಕೈ ನೋವಿಗೆ ಏನು ನುಂಗುತ್ತೀರಿ? ಥೈರಾಯ್ಡ್ ಕಡಿಮೆಯಾದಾಗ ಸ್ನಾಯು, ಕೀಲು ನೋಯುತ್ತವೆ, ಜನ ಔಷಧಿ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗುತ್ತಾರೆ. ಪಿತ್ತಗಂಧೆ ಇರುವ ಹಲವರಲ್ಲಿ ಈ ನೋವಿನ ಮಾತ್ರೆಗಳೇ ಅದನ್ನು ಕೆದಕುತ್ತವೆ. ಪ್ಯಾರಾಸಿಟಮಾಲ್ ಅಷ್ಟಾಗಿ ಕೆದಕುವುದಿಲ್ಲ.

ಕಣ್ಣಿನ ರೆಪ್ಪೆಯ ಊತ ಒಂದೇ ಕಾರಣದ್ದಲ್ಲ. ಅಲರ್ಜಿಯ ಊತ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಕೆಲವೊಮ್ಮೆ ಒಂದೇ ಕಡೆ ಇರುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಬರುವ ಬಾವು ವಾರಗಟ್ಟಲೆ ನಿಧಾನವಾಗಿ ಕೂಡುತ್ತದೆ, ತುರಿಸುವುದಿಲ್ಲ, ಜೊತೆಗೆ ದನಿ ದಪ್ಪಗಾಗುತ್ತದೆ, ಚಳಿ ತಡೆಯಲಾಗುವುದಿಲ್ಲ, ಮಲಬದ್ಧತೆ ಇರುತ್ತದೆ. ಮೂರನೆಯದನ್ನು ಈ ಭಾಗದಲ್ಲಿ ಮರೆಯಬಾರದು: ಹೊಲದ ಬದು, ರಸ್ತೆಯ ಪಕ್ಕದಲ್ಲೆಲ್ಲ ಬೆಳೆದಿರುವ ಪಾರ್ಥೇನಿಯಂ ಕಸ. ಅದರಿಂದ ರೆಪ್ಪೆ, ಮುಖ, ಕತ್ತು, ಹೀಗೆ ಬಟ್ಟೆ ಮುಚ್ಚದ ಕಡೆಯ ಚರ್ಮವೆಲ್ಲ ಕೆಂಪಾಗಿ ದಪ್ಪಗಟ್ಟುತ್ತದೆ. ತುರಿಕೆಯಲ್ಲೂ ಹೀಗೆ ನೋಡಿ. ಉಬ್ಬುಗಳಿಲ್ಲದೆ ಮೊಣಕಾಲಿನ ಕೆಳಗೆ ಚರ್ಮ ಒಣಗಿ, ಬಿಳಿ ಪುಡಿ ಉದುರಿ ತುರಿಸಿದರೆ ಅದು ಥೈರಾಯ್ಡ್‌ನ ಒಣಚರ್ಮ. ಅದಕ್ಕೆ ಅಲರ್ಜಿ ಮಾತ್ರೆ ಬೇಡ, ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ ಸಾಕು.

ಸೀನಿನ ವಿಷಯದಲ್ಲಿ ನಿಮ್ಮ ಮಾತೇ ಸುಳಿವು ಕೊಡುತ್ತಿದೆ. ರಾಶಿಯ ಕಾಲದಲ್ಲಿ ಏರಿ ಆಮೇಲೆ ಇಳಿದರೆ ಅದು ತೊಗರಿ ಹೊಟ್ಟಿನ ಧೂಳು. ಥೈರಾಯ್ಡ್ ಕಡಿಮೆಯಾದಾಗ ಮೂಗು ಕಟ್ಟುವುದುಂಟು, ಆದರೆ ಸಾಲುಸಾಲು ಸೀನು, ಮೂಗು ಕಣ್ಣು ತುರಿಸಿ ನೀರು ಸುರಿಯುವುದು ಧೂಳು ಮತ್ತು ಪರಾಗದ ಲಕ್ಷಣ.

ಮರುಪ್ರಶ್ನೆ (ಅದೇ ಶಿಕ್ಷಕಿ): ಮೇಡಂ, ದೀಪಾವಳಿಯ ಹೊತ್ತಿಗೇ ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟಿದ್ದರು. ಮೊದಲಿನದು ಬಿಳಿ, ಇದು ಬಣ್ಣದ್ದು. ಇದನ್ನು ಮೊದಲೇ ಬರೆಯಬೇಕಿತ್ತೇನೋ.

ಉತ್ತರ: ಈಗ ಬರೆದದ್ದೇ ಒಳ್ಳೆಯದಾಯಿತು. ಥೈರಾಕ್ಸಿನ್ ನಮ್ಮ ಗ್ರಂಥಿಯೇ ತಯಾರಿಸುವ ವಸ್ತು, ಅದಕ್ಕೇ ಅಲರ್ಜಿಯಾಗುವುದು ಬಹಳ ವಿರಳ. ಆದರೆ ಮಾತ್ರೆಯಲ್ಲಿ ಬಣ್ಣ, ಲ್ಯಾಕ್ಟೋಸ್, ಅಂಟು ಮೊದಲಾದವು ಇರುತ್ತವೆ. ಕೆಲವು ಕಂಪನಿಗಳು ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣ ಸೇರಿಸುತ್ತವೆ, ಕೆಲವರಿಗೆ ಆ ಬಣ್ಣ ಒಗ್ಗುವುದಿಲ್ಲ. ನಿಮ್ಮ ವೈದ್ಯರಿಗೆ ಎರಡೂ ಮಾತ್ರೆ ಪಟ್ಟಿಗಳನ್ನು (ಸ್ಟ್ರಿಪ್) ತೋರಿಸಿ, ಬಣ್ಣವಿಲ್ಲದ ಹಳೆಯ ಮಾತ್ರೆಗೇ ಮರಳಬಹುದೇ ಎಂದು ಕೇಳಿ. ನಡುವೆ ಒಂದು ದಿನವೂ ಖಾಲಿ ಬಿಡುವುದು ಬೇಡ. ಕಂಪನಿ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ನೋಡಬೇಕು.

ಪಟ್ಟಿಯ ಮಾತು ಬಂದದ್ದರಿಂದ ಎಲ್ಲರಿಗೂ ಹೇಳುತ್ತೇನೆ. ಈ ಮಾತ್ರೆಗೆ ಬಿಸಿ, ಬೆಳಕು, ತೇವ ಆಗುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಗೂಡಿನಲ್ಲೋ, ಒಲೆಯ ಮೇಲಿನ ಹಲಗೆಯಲ್ಲೋ, ದ್ವಿಚಕ್ರ ವಾಹನದ ಡಿಕ್ಕಿಯಲ್ಲೋ ಇಟ್ಟ ಮಾತ್ರೆಯ ಶಕ್ತಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿ, ತಂದ ಪಟ್ಟಿ ಅಥವಾ ಡಬ್ಬಿಯಲ್ಲೇ ಇಡಿ. ಬಿಡಿಸಿ ಬೇರೆ ಡಬ್ಬಕ್ಕೆ ಸುರಿಯಬೇಡಿ.

ಪ್ರಶ್ನೆ (ಬೀದರ್): ನಮ್ಮ ಮನೆಯವರು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾರೆ. ವರ್ಷವಿಡೀ ಸೀನು. ಅವರಿಗೂ ಥೈರಾಯ್ಡ್ ಪರೀಕ್ಷೆ ಮಾಡಿಸಲೇ?

ಉತ್ತರ: ಬರೀ ಸೀನಿಗೆ ಬೇಡ, ಅಕ್ಕ. ಆ ಹಣದಲ್ಲಿ ಒಳ್ಳೆಯ ಮಾಸ್ಕ್ ಕೊಳ್ಳಿ. ಉಸಿರು ಸುಯ್ಗುಡುತ್ತಿದ್ದರೆ ಅಥವಾ ರಾತ್ರಿ ಕೆಮ್ಮಿದ್ದರೆ ಆಸ್ತಮಾ ಇದೆಯೇ ಎಂದು ಬೀದರ್‌ನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ನಲ್ಲಿ ತೋರಿಸಿ, ಅದು ತುರ್ತು.

ಪ್ರಶ್ನೆ (ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಿಂದ): ಮೇಡಂ, ನನಗೂ ಥೈರಾಯ್ಡ್ ಇದೆ, ಮೈ ತುರಿಕೆಯೂ ಇದೆ. ಊರಲ್ಲಿ ಒಂದು ಇಂಜೆಕ್ಷನ್ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಆರಾಮವಾಗುತ್ತದೆ, ಹದಿನೈದು ದಿನ ಬಿಟ್ಟು ಮತ್ತೆ ಬರುತ್ತದೆ. ಜೊತೆಗೆ ಗ್ಯಾಸಿನ ಮಾತ್ರೆಯನ್ನೂ ಕೊಡುತ್ತಾರೆ.

ಉತ್ತರ: ಅಣ್ಣ, ಇದನ್ನು ಓದಿ ನನಗೆ ಆತಂಕವಾಯಿತು. ಅಷ್ಟು ಬೇಗ ಆರಾಮ ಕೊಟ್ಟು ಮತ್ತೆ ಮತ್ತೆ ಕರೆಸಿಕೊಳ್ಳುವ ಇಂಜೆಕ್ಷನ್‌ನಲ್ಲಿ ಹೆಚ್ಚಾಗಿ ಏವಿಲ್ ಎಂಬ ಅಲರ್ಜಿ ಔಷಧದ ಜೊತೆಗೆ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಇರುತ್ತದೆ. ಸ್ಟೆರಾಯ್ಡ್ ಕೆಟ್ಟ ಔಷಧವಲ್ಲ, ಪ್ರಾಣ ಉಳಿಸುತ್ತದೆ. ಆದರೆ ಹದಿನೈದು ದಿನಕ್ಕೊಮ್ಮೆ ಹಾಕಿಸಿಕೊಳ್ಳುವಂಥದ್ದಲ್ಲ. ಸಕ್ಕರೆ, ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ. ಥೈರಾಯ್ಡ್ ಇರುವವರಿಗೆ ಇನ್ನೊಂದು ತೊಡಕಿದೆ: ಸ್ಟೆರಾಯ್ಡ್ ಟಿಎಸ್‌ಎಚ್ ಅನ್ನು ತಗ್ಗಿಸುತ್ತದೆ. ವರದಿಯಲ್ಲಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ನಿಮಗೆ ಮಾತ್ರ ಸುಸ್ತು ಹೋಗುವುದಿಲ್ಲ. ಏವಿಲ್ ತರುವ ಮಂಪರು ಆ ಸುಸ್ತಿನ ಮೇಲೆ ಇನ್ನೊಂದು ಹೊರೆ. ಯಾವ ಔಷಧ ಹಾಕಿದರು ಎಂದು ಕೇಳುವುದು ನಿಮ್ಮ ಹಕ್ಕು, ಹೆಸರು ಬರೆಸಿಕೊಳ್ಳಿ. ಬಹಳ ಕಾಲದಿಂದ ನಡೆದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಯಿಮ್ಸ್‌ನ ಫಿಸಿಷಿಯನ್ ಅವರಿಗೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ.

ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್ ಆಗಿದ್ದರೆ ಅದು ಹೊಟ್ಟೆಯ ಆಮ್ಲ ತಗ್ಗಿಸಿ ಥೈರಾಕ್ಸಿನ್ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆ ಅಂತರವಿರಲಿ. ಎದ್ದ ಕೂಡಲೇ ಬರೀ ನೀರಿನ ಜೊತೆ ಥೈರಾಯ್ಡ್ ಮಾತ್ರೆ, ಚಹಾ ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ.

ಪ್ರಶ್ನೆ (ಶಹಾಪುರ): ನಮ್ಮ ಸೊಸೆಗೆ ಈಗ ಮೂರನೇ ತಿಂಗಳು. ಮೈಮೇಲೆ ಗಂಧೆ ಎದ್ದಿದ್ದರಿಂದ ಮಗುವಿಗೆ ತೊಂದರೆಯಾದೀತೆಂದು ಥೈರಾಯ್ಡ್ ಮಾತ್ರೆ ಬಿಡಿಸಿದ್ದೇವೆ. ಸರಿಯೇ?

ಉತ್ತರ: ಅಮ್ಮಾ, ಇವತ್ತೇ ಮತ್ತೆ ಶುರು ಮಾಡಿಸಿ, ನಾಳೆಯೇ ಅವರ ವೈದ್ಯರ ಬಳಿ ಕರೆದೊಯ್ಯಿರಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಹೋಗಬೇಕು. ಬಸಿರಿನಲ್ಲಿ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆಯೇ ಹೊರತು ಬಿಡುವಂತಿಲ್ಲ. ಗಂಧೆಗೆ ಬಸಿರಿಯರೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಅವರ ವೈದ್ಯರೇ ಆರಿಸಿ ಕೊಡಲಿ. ನೀವು ಮಗುವಿನ ಒಳಿತಿಗೆಂದೇ ಹೀಗೆ ಮಾಡಿದ್ದೀರಿ, ಸೊಸೆಗೆ ಧೈರ್ಯ ಹೇಳಿ.

ಪ್ರಶ್ನೆ (ಆಳಂದ): ಗೋಧಿ ಬಿಟ್ಟರೆ ಥೈರಾಯ್ಡ್, ಅಲರ್ಜಿ ಎರಡೂ ಹೋಗುತ್ತವೆ ಎಂದು ಮೊಬೈಲ್‌ನಲ್ಲಿ ನೋಡಿದೆ. ಸಜ್ಜೆ ರೊಟ್ಟಿಯೂ ಆಗದಂತೆ. ಹಾಗಾದರೆ ಏನು ತಿನ್ನಬೇಕು?

ಉತ್ತರ: ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯೆ ಹೊಟ್ಟೆ ತುಂಬ ತಿನ್ನಿ. ಹಾಶಿಮೊಟೊ ಇರುವ ಕೆಲವರಲ್ಲಿ ಸೀಲಿಯಾಕ್ ಎಂಬ ಕಾಯಿಲೆ ಇರುತ್ತದೆ, ಅವರಿಗೆ ಗೋಧಿಯ ಗ್ಲುಟೆನ್ ಆಗುವುದಿಲ್ಲ. ಭೇದಿ, ರಕ್ತಹೀನತೆ, ತೂಕ ಇಳಿಯುವುದು ಇದ್ದರೆ ರಕ್ತ ಪರೀಕ್ಷೆಯಿಂದ ಪತ್ತೆಹಚ್ಚಬಹುದು, ಆದರೆ ಗೋಧಿ ಬಿಡುವ ಮೊದಲೇ ಪರೀಕ್ಷೆ ಮಾಡಿಸಬೇಕು. ಉಳಿದವರು ಗೋಧಿ ಬಿಡಬೇಕಾಗಿಲ್ಲ. ಸಜ್ಜೆಯಲ್ಲಿ ಥೈರಾಯ್ಡ್‌ನ ಕೆಲಸಕ್ಕೆ ಅಡ್ಡಬರುವ ಅಂಶ ಇರುವುದು ನಿಜ. ಅಯೋಡಿನ್ ಕೊರತೆಯಿದ್ದು, ಮೂರು ಹೊತ್ತೂ ಸಜ್ಜೆಯನ್ನೇ ಉಣ್ಣುವ ಸೂಡಾನ್‌ನ ಹಳ್ಳಿಗಳಲ್ಲಿ ಅದರಿಂದ ಗಳಗಂಡ ಹೆಚ್ಚಾದದ್ದು ಕಂಡುಬಂದಿತ್ತು. ಅಯೋಡಿನ್ ಉಪ್ಪು ತಿಂದು, ಮಾತ್ರೆ ನುಂಗುವ ನೀವು ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದರೆ ಏನೂ ಆಗುವುದಿಲ್ಲ.

ಮರುಪ್ರಶ್ನೆ (ಸೇಡಂನ ಶಿಕ್ಷಕಿ): ಮುಂದಿನ ವಾರ ಕಲಬುರಗಿಗೆ ಬರುತ್ತೇನೆ. ಯಾವ ಪರೀಕ್ಷೆ ಮಾಡಿಸಿಕೊಂಡು ಬರಲಿ? ಅಲರ್ಜಿಯ ದೊಡ್ಡ ಪ್ಯಾಕೇಜ್ ಮಾಡಿಸಿ ಎಂದು ಲ್ಯಾಬ್‌ನವರು ಹೇಳುತ್ತಿದ್ದಾರೆ.

ಉತ್ತರ: ದೊಡ್ಡ ಪ್ಯಾಕೇಜ್ ಬೇಡ. ನಿಮ್ಮಂಥ ಪಿತ್ತಗಂಧೆಯಲ್ಲಿ ಅದು ಹತ್ತಾರು ಆಹಾರಗಳ ಹೆಸರು ಹೇಳಿ ಹೆದರಿಸುತ್ತದೆ, ಉಪಯೋಗ ಕಡಿಮೆ. ರಕ್ತಕಣಗಳ ಎಣಿಕೆ, ಉರಿಯೂತ ಅಳೆಯುವ ಇಎಸ್‌ಆರ್ ಅಥವಾ ಸಿಆರ್‌ಪಿ, ಟಿಎಸ್‌ಎಚ್, ಆಂಟಿ ಟಿಪಿಒ ಇಷ್ಟು ಇರಲಿ. ಜೊತೆಗೆ ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಬೇಕೋ ಬೇಡವೋ ಚರ್ಮರೋಗ ತಜ್ಞರು ಹೇಳುತ್ತಾರೆ. ಆಂಟಿ ಟಿಪಿಒ ಒಮ್ಮೆ ಮಾಡಿಸಿದರೆ ಸಾಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ, ಅದು ಥೈರಾಯ್ಡ್ ವರದಿಯನ್ನು ತಿರುಚುತ್ತದೆ. ಗಂಧೆ ಎದ್ದಾಗ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಏಕೆಂದರೆ ಆಸ್ಪತ್ರೆ ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಒಂದೇ ಉಬ್ಬಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ನೋಡಿ. 24 ಗಂಟೆ ಮೀರಿ ಅಲ್ಲೇ ಉಳಿದರೆ, ನೋವಾದರೆ, ಕಪ್ಪು ಕಲೆ ಬಿಟ್ಟರೆ ಅದು ಬೇರೆ ಕಾಯಿಲೆ ಇರಬಹುದು, ನನಗೆ ತಪ್ಪದೆ ಹೇಳಿ.

ನಾಲಿಗೆ, ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬೀಳುವಂತಾದರೆ ಮುಂದಿನ ವಾರಕ್ಕೆ ಕಾಯಬೇಡಿ, ಆ ಕ್ಷಣವೇ 108ಕ್ಕೆ ಕರೆ ಮಾಡಿ. ವರದಿಗಳನ್ನು ನಮ್ಮ ಈ ಪ್ರಶ್ನೋತ್ತರ ಗುಂಪಿನಲ್ಲಿ ಹಾಕುವುದಾದರೆ ಹೆಸರು, ಮೊಬೈಲ್ ಸಂಖ್ಯೆ ಕಾಣದಂತೆ ಮುಚ್ಚಿ ಹಾಕಿ. ಎರಡೂ ಮಾತ್ರೆ ಪಟ್ಟಿಗಳನ್ನು ತರಲು ಮರೆಯಬೇಡಿ.